ಮಿನರ್ವಾ: ನೆಲವಿಲ್ಲದ ತಂಗುದಾಣ

ಟೊಂಗಾ ದೇಶದ ರಾಜಧಾನಿಯಾದ ನುಕುಅಲೋಫಾದಿಂದ ನೈಋತ್ಯ ದಿಕ್ಕಿಗೆ ಹಾಯಿದೋಣಿಯೊಂದು ಎರಡು ಹಗಲು ಎರಡು ರಾತ್ರಿ ಸಾಗಿದರೆ, ದಕ್ಷಿಣ ಪೆಸಿಫಿಕ್ ಮಹಾಸಾಗರದ ನಡುವೆ ವಿಚಿತ್ರವಾದ ಒಂದು ತಂಗುದಾಣ ಎದುರಾಗುತ್ತದೆ. ಅಲ್ಲಿ ಬೆಟ್ಟವಿಲ್ಲ, ಮರವಿಲ್ಲ, ಕಾಲೂರಿ ನಿಲ್ಲಲು ಒಣನೆಲವೂ ಇಲ್ಲ. ಕಡಲಿನ ನೀಲಿಯ ಮೇಲೆ ಬಳೆಯಾಕಾರದಲ್ಲಿ ಎದ್ದು ಒಡೆಯುವ ಬಿಳಿ ನೊರೆಯೊಂದೇ ಅದರ ಗುರುತು. ಆ ನೊರೆಯ ಕೆಳಗಿರುವುದು ಹವಳದ ದಿಬ್ಬ. ಇಳಿತದ ಹೊತ್ತಿನಲ್ಲಿ ಅದರ ಬೆನ್ನು ನೀರಿನಿಂದ ಮೇಲೇಳುತ್ತದೆ. ಉಬ್ಬರ ಬಂತೆಂದರೆ ಪೂರ್ತಿ ಮುಳುಗುತ್ತದೆ. ಬಳೆಯ ವಾಯವ್ಯ ಭಾಗದಲ್ಲಿ ದೋಣಿ ನುಗ್ಗುವಷ್ಟು ಅಗಲದ ಒಂದು ಬಿರುಕು ಇದೆ. ಅದರೊಳಗೆ ಹೊಕ್ಕ ದೋಣಿ ಮರಳಿನ ತಳದಲ್ಲಿ ಲಂಗರು ಇಳಿಸಿ, ಸುತ್ತಲೂ ಸಾಗರವೇ ಇರುವಲ್ಲಿ ಕೆರೆಯೊಳಗಿನಂತೆ ನಿಲ್ಲುತ್ತದೆ. ಇದಕ್ಕೆ ಉತ್ತರ ಮಿನರ್ವಾ ಎಂದು ಹೆಸರು. ಟೊಂಗಾದ ಜನ ಇದನ್ನು ಟೆಲೆಕಿ ಟೊಕೆಲಾವು ಎನ್ನುತ್ತಾರೆ. ಅದರ ದಕ್ಷಿಣಕ್ಕೆ ಕೆಲವು ತಾಸುಗಳ ಪಯಣದಲ್ಲಿ, ಎರಡು ಬಳೆಗಳನ್ನು ತಾಗಿಸಿಟ್ಟಂತಿರುವ ದಕ್ಷಿಣ ಮಿನರ್ವಾ, ಅಂದರೆ ಟೆಲೆಕಿ ಟೊಂಗಾ, ಇದೆ.

ಪ್ರತಿ ವರ್ಷ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಈ ನೆಲವಿಲ್ಲದ ಊರಿಗೆ ಜನ ಬರುತ್ತಾರೆ. ಟೊಂಗಾ, ಫಿಜಿ ಮೊದಲಾದ ದ್ವೀಪಗಳಲ್ಲಿ ಚಳಿಗಾಲ ಕಳೆದ ಹಾಯಿದೋಣಿಗಳು ಚಂಡಮಾರುತದ ಋತು ಆರಂಭವಾಗುವ ಮುನ್ನ ದಕ್ಷಿಣಕ್ಕೆ, ನ್ಯೂಝಿಲೆಂಡಿಗೆ, ಇಳಿಯಬೇಕು. ಹಲವು ದೋಣಿಗಳಲ್ಲಿ ಇರುವುದು ಗಂಡ ಹೆಂಡತಿ ಇಬ್ಬರೇ. ಕೆಲವದರಲ್ಲಿ ಶಾಲೆಯ ಪಾಠವನ್ನು ದೋಣಿಯಲ್ಲೇ ಓದುವ ಮಕ್ಕಳೂ ಇರುತ್ತಾರೆ. ಮಿನರ್ವಾದಿಂದ ನ್ಯೂಝಿಲೆಂಡಿನ ಉತ್ತರ ತುದಿಯ ಓಪುವಾ ಬಂದರಿಗೆ ಸುಮಾರು 800 ನಾಟಿಕಲ್ ಮೈಲಿ, ಅಂದರೆ ಹೆಚ್ಚು ಕಡಿಮೆ 1,480 ಕಿಲೋಮೀಟರ್. ಸಾಧಾರಣ ಹಾಯಿದೋಣಿಗೆ ಅದು ಆರೇಳು ದಿನಗಳ ದಾರಿ. ಆ ದಾರಿಯಲ್ಲಿ ಎಲ್ಲಿಯೂ ತಂಗುವ ಜಾಗವಿಲ್ಲ. ಆದ್ದರಿಂದ ಇಲ್ಲಿ ಲಂಗರು ಇಳಿಸಿದವರೆಲ್ಲರೂ ಕಾಯುವುದು ಒಂದೇ ಸಂಗತಿಗಾಗಿ: ಮುಂದಿನ ಒಂದು ವಾರದ ಗಾಳಿ ಮತ್ತು ಅಲೆ ಹೇಗಿರುತ್ತದೆ ಎಂಬ ಉತ್ತರಕ್ಕಾಗಿ.

ಗಾಳಿಯ ಸುದ್ದಿ ತಿಳಿಯದೆ ಈ ಕಡಲಿಗೆ ಬಂದವರ ಕಥೆ ದಿಬ್ಬದ ಹೆಸರಿನಲ್ಲಿಯೇ ಅಡಗಿದೆ. ತಿಮಿಂಗಿಲ ಬೇಟೆಯ ಮಿನರ್ವಾ ಎಂಬ ಹಡಗು 1829ರಲ್ಲಿ ದಕ್ಷಿಣದ ದಿಬ್ಬಕ್ಕೆ ಬಡಿದು ಒಡೆಯಿತು. ಒಡೆದ ಹಡಗಿನ ಹೆಸರೇ ದಿಬ್ಬಕ್ಕೆ ಉಳಿಯಿತು. 1962ರ ಜುಲೈಯಲ್ಲಿ ಟೊಂಗಾದಿಂದ ನ್ಯೂಝಿಲೆಂಡಿಗೆ ಹೊರಟ ಟುಅಇಕಾಎಪಾವು ಎಂಬ ಹಾಯಿಹಡಗು ಅದೇ ದಿಬ್ಬಕ್ಕೆ ರಾತ್ರಿ ಹೊತ್ತಿನಲ್ಲಿ ಅಪ್ಪಳಿಸಿತು. ಅದರಲ್ಲಿದ್ದವರು, ಹಿಂದೆ ಅಲ್ಲೇ ಸಿಲುಕಿ ಹಾಳಾಗಿದ್ದ ಜಪಾನಿನ ಮೀನುಗಾರಿಕಾ ಹಡಗೊಂದರ ಅವಶೇಷವನ್ನು ಮನೆ ಮಾಡಿಕೊಂಡು, ಸುಮಾರು ಮೂರು ತಿಂಗಳು ಬದುಕಿದರು. ಕೊನೆಗೆ ನಾಯಕ ಟೆವಿಟಾ ಫಿಫಿಟಾ, ಸರಿಯಾದ ಉಪಕರಣಗಳೂ ಇಲ್ಲದೆ, ಒಡೆದ ಹಡಗಿನ ಮರದಿಂದಲೇ ಸಣ್ಣದೊಂದು ದೋಣಿ ಕಟ್ಟಿ, ಕೆಲವರೊಂದಿಗೆ ಫಿಜಿಯತ್ತ ಹೊರಟು, ಒಂದು ವಾರದ ಬಳಿಕ ಅಲ್ಲಿಗೆ ತಲುಪಿ ಉಳಿದವರಿಗೆ ನೆರವು ತಂದನು. ಆ ಸಾಹಸದಲ್ಲಿ ಅವನು ತನ್ನ ಮಗನನ್ನೇ ಕಳೆದುಕೊಂಡನು. ಮೂರು ತಿಂಗಳ ಕಾಲ ಹೊರಗಿನ ಲೋಕಕ್ಕೆ ಒಂದು ಮಾತು ಹೇಳಲಾಗದೆ, ಹೊರಗಿನಿಂದ ಒಂದು ಮಾತು ಕೇಳಲಾಗದೆ ಉಳಿದವರ ಜಾಗ ಇದು ಎಂಬುದನ್ನು ಇಂದು ಅಲ್ಲಿ ಲಂಗರು ಇಳಿಸುವವರು ಮರೆಯುವುದಿಲ್ಲ.

ಈ ದಿಬ್ಬ ಯಾರದು ಎಂಬ ಪ್ರಶ್ನೆಯೂ ಒಂದು ಕಾಲದಲ್ಲಿ ಸುದ್ದಿಯಾಗಿತ್ತು. ಅಮೆರಿಕದ ಮೈಕೆಲ್ ಆಲಿವರ್ ಎಂಬ ಧನಿಕನ ಮುಂದಾಳುತನದಲ್ಲಿ ಕೆಲವರು ಇಲ್ಲಿಗೆ ಮರಳು ತಂದು ಸುರಿದು, ನೀರಿನಿಂದ ಮೇಲೆ ನಿಲ್ಲುವ ನೆಲವನ್ನು ಮಾಡಿ, 1972ರ ಜನವರಿಯಲ್ಲಿ ‘ಮಿನರ್ವಾ ಗಣರಾಜ್ಯ’ವನ್ನು ಘೋಷಿಸಿದರು. ಅದೇ ವರ್ಷ ಜೂನ್ ತಿಂಗಳಲ್ಲಿ ಟೊಂಗಾದ ದೊರೆ ನಾಲ್ಕನೆಯ ಟುಪೋ ಈ ದಿಬ್ಬಗಳು ತನ್ನ ರಾಜ್ಯಕ್ಕೆ ಸೇರಿದವೆಂದು ಸಾರಿದನು. ಹೊಸ ಗಣರಾಜ್ಯ ಅಲ್ಲಿಗೆ ಮುಗಿಯಿತು. ಸುರಿದ ಮರಳನ್ನು ಕಡಲೇ ಹೊತ್ತೊಯ್ಯಿತು. ಮುಂದೆ ಫಿಜಿಯೂ ಇವುಗಳ ಮೇಲೆ ಹಕ್ಕು ಸಾಧಿಸಲು ಮುಂದಾಯಿತು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 13ನೆಯ ವಿಧಿಯ ಪ್ರಕಾರ, ಇಳಿತದಲ್ಲಿ ಮಾತ್ರ ತಲೆಯೆತ್ತುವ ದಿಬ್ಬವು ನೆಲದಿಂದ ತುಂಬ ದೂರವಿದ್ದರೆ ಅದಕ್ಕೆ ತನ್ನದೇ ಆದ ಪ್ರಾದೇಶಿಕ ಸಮುದ್ರ ಇರುವುದಿಲ್ಲ. ಹೀಗೆ ಕಾನೂನಿನ ಕಣ್ಣಿಗೂ ಇದು ಅರ್ಧ ಇರುವ, ಅರ್ಧ ಇಲ್ಲದ ಜಾಗ. ಆದರೆ ರಾಜ್ಯಗಳ ಹಕ್ಕು ಏನೇ ಇರಲಿ, ಅಲ್ಲಿ ನಿಂತ ದೋಣಿಯ ಮೇಲೆ ದಿನವೂ ಆಳ್ವಿಕೆ ನಡೆಸುವುದು ಗಾಳಿಯೇ.

ಆ ಗಾಳಿಯ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಮಿನರ್ವಾ ಇರುವ ಸುಮಾರು 24 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಸಾಮಾನ್ಯವಾಗಿ ಆಗ್ನೇಯದ ವಾಣಿಜ್ಯ ಮಾರುತ ಬೀಸುತ್ತದೆ. ಅದರ ದಕ್ಷಿಣಕ್ಕೆ ಆಸ್ಟ್ರೇಲಿಯಾದ ಕಡೆಯಿಂದ ಅಧಿಕ ವಾಯುಭಾರದ ವಲಯಗಳು ಒಂದರ ಹಿಂದೆ ಒಂದರಂತೆ, ಹೆಚ್ಚುಕಡಿಮೆ ವಾರಕ್ಕೊಂದು ಬಾರಿ, ಪೂರ್ವಕ್ಕೆ ಸಾಗುತ್ತವೆ. ಎರಡು ಅಧಿಕ ವಾಯುಭಾರ ವಲಯಗಳ ನಡುವೆ ವಾಯುಭಾರ ಕುಸಿತವೊಂದು ತನ್ನ ಮಳೆಗಾಳಿಯೊಂದಿಗೆ ಬರುತ್ತದೆ. ಆರೇಳು ದಿನಗಳ ಪಯಣ, ವಾರಕ್ಕೊಂದು ಕುಸಿತ: ಎರಡನ್ನೂ ಕೂಡಿಸಿ ನೋಡಿದರೆ, ದಾರಿಯಲ್ಲಿ ಒಂದು ಕುಸಿತವನ್ನಾದರೂ ಎದುರಿಸದೆ ನ್ಯೂಝಿಲೆಂಡ್ ತಲುಪುವುದು ಕಷ್ಟ. ಅದು ಎಲ್ಲಿ, ಎಷ್ಟು ಬಲವಾಗಿ ಎದುರಾಗುತ್ತದೆ ಎಂಬುದಷ್ಟೇ ಆಯ್ಕೆಗೆ ಸಿಗುವ ವಿಷಯ. ಇದಲ್ಲದೆ ಫಿಜಿಯ ಆಸುಪಾಸಿನ ಬೆಚ್ಚನೆಯ ಕಡಲಿನಲ್ಲಿ ಹುಟ್ಟಿ ದಿಢೀರನೆ ಬಲಿಯುವ ಕುಸಿತಗಳೂ ಇವೆ. 1994ರ ಜೂನ್ ಮೊದಲ ವಾರದಲ್ಲಿ ನ್ಯೂಝಿಲೆಂಡಿನಿಂದ ಟೊಂಗಾಕ್ಕೆ ಹೊರಟಿದ್ದ ದೋಣಿಗಳ ಗುಂಪಿನ ಮೇಲೆ ಅಂಥದೊಂದು ಬಿರುಗಾಳಿ ಎರಗಿತು. ಏಳು ದೋಣಿಗಳನ್ನು ಅವುಗಳಲ್ಲಿದ್ದವರು ನಡುಗಡಲಲ್ಲೇ ಬಿಟ್ಟುಬಿಡಬೇಕಾಯಿತು. 21 ಮಂದಿಯನ್ನು ಪಾರುಮಾಡಲಾಯಿತು. ಕ್ವಾರ್ಟರ್‌ಮಾಸ್ಟರ್ ಎಂಬ ದೋಣಿ ತನ್ನ ಮೂವರೊಂದಿಗೆ ಮರಳಲಿಲ್ಲ. ‘ರಾಣಿಯ ಹುಟ್ಟುಹಬ್ಬದ ಬಿರುಗಾಳಿ’ ಎಂದು ಹೆಸರಾದ ಆ ದುರಂತದ ನೆನಪು ಈ ದಾರಿ ಹಿಡಿಯುವ ಪ್ರತಿಯೊಬ್ಬರಲ್ಲಿಯೂ ಇದೆ.

ಅಂದಿಗೂ ಇಂದಿಗೂ ನಡುವೆ ಆದ ಮುಖ್ಯ ಬದಲಾವಣೆಯೆಂದರೆ, ನಡುಗಡಲಿನಲ್ಲಿರುವ ಸಣ್ಣ ದೋಣಿ ತನಗೆ ಬೇಕಾದ ಗಾಳಿಯ ಲೆಕ್ಕವನ್ನು ತಾನೇ ಕೇಳಿ ಪಡೆಯಬಲ್ಲುದಾಗಿರುವುದು. ದಡದಿಂದ ಸಾವಿರಾರು ಕಿಲೋಮೀಟರ್ ಆಚೆ ಮೊಬೈಲ್ ಫೋನಿನ ಗೋಪುರವಿಲ್ಲ. ಅಲ್ಲಿಂದ ಮಾತು ಹೊರಡಬೇಕಾದರೆ ಎರಡು ಹಾದಿಗಳಿವೆ. ಒಂದು ಉಪಗ್ರಹ ದೂರವಾಣಿ. ಅದರ ಹಳೆಯ ಬಗೆಯಲ್ಲಿ ಸೆಕೆಂಡಿಗೆ 2,400 ಬಿಟ್‌ಗಳಷ್ಟೇ ಸಾಗುತ್ತವೆ. ಇನ್ನೊಂದು ಅದಕ್ಕೂ ಹಳೆಯದಾದ ಶಾರ್ಟ್‌ವೇವ್ ರೇಡಿಯೊ. ದೋಣಿಯ ಹಿಂಬದಿಯ ತಂತಿಯಿಂದ ಹೊರಟ ರೇಡಿಯೊ ಅಲೆ ಮೇಲಕ್ಕೇರಿ, ವಾತಾವರಣದ ಅಯಾನುಗೋಳದಿಂದ ಪ್ರತಿಫಲಿಸಿ, ಸಾವಿರಾರು ಕಿಲೋಮೀಟರ್ ದೂರದ ನೆಲದ ಮೇಲಿನ ಕೇಂದ್ರಕ್ಕೆ ಇಳಿಯುತ್ತದೆ. ರೇಡಿಯೊಗೆ ಜೋಡಿಸಿದ ಪ್ಯಾಕ್ಟರ್ ಎಂಬ ಮೋಡೆಮ್ ಅಕ್ಷರಗಳನ್ನು ಸದ್ದಾಗಿ, ಸದ್ದನ್ನು ಅಕ್ಷರಗಳಾಗಿ ಬದಲಿಸುತ್ತದೆ. ಹೀಗೆ ಇಮೇಲ್ ಸಾಗಿಸುವುದಕ್ಕೆಂದೇ ದೋಣಿಯವರು ಸೇರಿ ಕಟ್ಟಿಕೊಂಡ ಲಾಭರಹಿತ ಸಂಘವೊಂದಿದೆ, ಸೇಲ್‌ಮೇಲ್. ಅಮೆರಿಕದ ನಾವಿಕರಾದ ಸ್ಟಾನ್ ಹನಿ ಮತ್ತು ಜಿಮ್ ಕೋರೆನ್‌ಮನ್ ಇದರ ಸ್ಥಾಪಕರು. ಲೋಕದ ಬೇರೆ ಬೇರೆ ತೀರಗಳಲ್ಲಿರುವ ಅದರ ಕೇಂದ್ರಗಳನ್ನು ಎಲ್ಲ ಸದಸ್ಯರೂ ಹಂಚಿಕೊಳ್ಳಬೇಕಾದ್ದರಿಂದ, ಒಂದು ದೋಣಿ ವಾರಕ್ಕೆ ಸುಮಾರು 90 ನಿಮಿಷಕ್ಕಿಂತ ಹೆಚ್ಚು ಹೊತ್ತು ರೇಡಿಯೊ ಹಿಡಿದುಕೊಳ್ಳಬಾರದೆಂಬ ಕಟ್ಟಳೆ ಇದೆ.

ಇಷ್ಟು ಇಕ್ಕಟ್ಟಾದ ದಾರಿಯಲ್ಲಿ ಚಿತ್ರ, ನಕ್ಷೆ, ಜಾಲತಾಣಗಳ ಪುಟ ಯಾವುದೂ ಸಾಗದು. ಅದಕ್ಕಾಗಿ ಕೋರೆನ್‌ಮನ್ ರೂಪಿಸಿದ್ದು ಸೇಲ್‌ಡಾಕ್ಸ್ ಎಂಬ ಸೇವೆ. ಅದರ ಇನ್ನೊಂದು ತುದಿಯಲ್ಲಿ ಕುಳಿತಿರುವುದು ಮನುಷ್ಯನಲ್ಲ, ಗಣಕಯಂತ್ರ. ದೋಣಿಯಿಂದ ಬಂದ ಇಮೇಲಿನ ಒಂದೇ ಒಂದು ಸಾಲನ್ನು ಅದು ಓದುತ್ತದೆ. ಕೇಳಿದಷ್ಟನ್ನು ಕತ್ತರಿಸಿ ಕೆಲವೇ ನಿಮಿಷಗಳಲ್ಲಿ ಮರಳಿ ಅಂಚೆಗೆ ಹಾಕುತ್ತದೆ. ಆ ಸಾಲಿನ ರೂಪ ಬಹು ಸರಳ. ಮೊದಲು ‘ಕಳುಹಿಸು’ ಎಂಬ ಅರ್ಥದ ಪದ ಮತ್ತು ಯಾವ ಲೆಕ್ಕಾಚಾರ ಬೇಕೆಂಬ ಹೆಸರು. ಬಳಿಕ ಕಡಲಿನ ಯಾವ ಚೌಕ ಬೇಕೆಂದು ಹೇಳುವ ಎರಡು ಅಕ್ಷಾಂಶ, ಎರಡು ರೇಖಾಂಶ. ಆಮೇಲೆ ಆ ಚೌಕದೊಳಗೆ ಎಷ್ಟೆಷ್ಟು ಡಿಗ್ರಿಗೊಂದು ಬಿಂದು ಬೇಕೆಂಬ ಅಂತರ. ನಂತರ ಎಷ್ಟು ತಾಸು ಮುಂದಿನ ಸ್ಥಿತಿ ಬೇಕು, 24, 48, 72 ಹೀಗೆ. ಕೊನೆಗೆ ಏನು ಬೇಕು: ವಾಯುಭಾರವೋ, ಗಾಳಿಯೋ, ಅಲೆಯೋ. ಇಷ್ಟೇ. ಗೌರವದ ಸಂಬೋಧನೆ ಬೇಕಿಲ್ಲ, ಕ್ಷೇಮ ಸಮಾಚಾರ ಬೇಕಿಲ್ಲ.

ಮರಳಿ ಬರುವ ಕಡತವನ್ನು ‘ಗ್ರಿಬ್’ ಎನ್ನುತ್ತಾರೆ. ಇದು ಜಾಗತಿಕ ಹವಾಮಾನ ಸಂಘಟನೆ ಒಪ್ಪಿಕೊಂಡ ಮಾದರಿ. ಇದರ ಮೂಲದಲ್ಲಿ ನೂರು ವರ್ಷ ಹಳೆಯದಾದ ಒಂದು ಕಲ್ಪನೆ ಇದೆ. ಭೂಮಿಯ ಮೇಲ್ಮೈಯನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಗಾಳಿ ಮತ್ತು ವಾಯುಭಾರವನ್ನು ಗಣಿತದ ಸಮೀಕರಣಗಳಿಂದ ಮುಂದಕ್ಕೆ ಲೆಕ್ಕ ಹಾಕಬಹುದೆಂದು ಬ್ರಿಟಿಷ್ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಆರು ತಾಸುಗಳ ಅವಧಿಯ ಲೆಕ್ಕವನ್ನು ಅವರು ಕೈಯಿಂದ ಮಾಡಲು ವಾರಗಟ್ಟಲೆ ದುಡಿದರು. ಬಂದ ಉತ್ತರ ತಪ್ಪಾಗಿತ್ತು, ದಾರಿ ಮಾತ್ರ ಸರಿಯಾಗಿತ್ತು. ಇಂದು ಅಮೆರಿಕದ ಹವಾಮಾನ ಸೇವೆಯ ಗಣಕಯಂತ್ರಗಳು ಇಡೀ ಭೂಗೋಳದ ಲೆಕ್ಕವನ್ನು ‘ಜಿಎಫ್‌ಎಸ್’ ಎಂಬ ಹೆಸರಿನಲ್ಲಿ ದಿನಕ್ಕೆ ನಾಲ್ಕು ಬಾರಿ ಮಾಡಿ ಉಚಿತವಾಗಿ ಹಂಚುತ್ತವೆ. ಮಿನರ್ವಾದ ದೋಣಿಗೆ ಬರುವುದು ಆ ಮಹಾಲೆಕ್ಕದ ಒಂದು ಚೂರು.

ಎಷ್ಟು ದೊಡ್ಡ ಚೂರನ್ನು ಕೇಳಬೇಕು ಎಂಬಲ್ಲಿಯೇ ನಾವಿಕನ ಜಾಣ್ಮೆ ಇದೆ. ಮಕ್ಕಳು ಕಾಗದದ ಮೇಲೆ ಮಾಡಿ ನೋಡಬಹುದಾದ ಲೆಕ್ಕವಿದು. ದಕ್ಷಿಣ ಅಕ್ಷಾಂಶ 20ರಿಂದ 40ರವರೆಗೆ, ಪೂರ್ವ ರೇಖಾಂಶ 170ರಿಂದ 180ನ್ನು ದಾಟಿ ಪಶ್ಚಿಮ ರೇಖಾಂಶ 170ರವರೆಗೆ ಒಂದು ಚೌಕ ಎಳೆದರೆ ಮಿನರ್ವಾ, ಓಪುವಾ ಮತ್ತು ನಡುವಿನ ಕಡಲು ಎಲ್ಲವೂ ಅದರೊಳಗೆ ಬರುತ್ತವೆ. ಎರಡು ಡಿಗ್ರಿಗೊಂದು ಬಿಂದುವಿನಂತೆ ಕೇಳಿದರೆ ಒಂದು ಬದಿಗೆ 11, ಒಟ್ಟು 121 ಬಿಂದುಗಳು. ಪ್ರತಿ ಬಿಂದುವಿಗೆ ವಾಯುಭಾರದ ಒಂದು ಅಂಕಿ, ಗಾಳಿಯ ಎರಡು ಅಂಕಿಗಳು. ದಿನಕ್ಕೊಂದರಂತೆ ಐದು ದಿನಗಳಿಗೆ ಕೇಳಿದರೆ ಒಟ್ಟು 1,815 ಅಂಕಿಗಳು. ಅದೇ ಚೌಕವನ್ನು ಕಾಲು ಡಿಗ್ರಿಯ ಅಂತರದಲ್ಲಿ, ಮೂರು ತಾಸಿಗೊಂದರಂತೆ ಐದು ದಿನಗಳಿಗೆ ಕೇಳಿದರೆ 6,561 ಬಿಂದುಗಳು, 40 ಹೊತ್ತುಗಳು, ಒಟ್ಟು 7,87,320 ಅಂಕಿಗಳು. ಅಂದರೆ ನಾನೂರಕ್ಕೂ ಹೆಚ್ಚು ಪಟ್ಟು. ಮೊದಲನೆಯದು ರೇಡಿಯೊದಲ್ಲಿ ಕೆಲವು ನಿಮಿಷಗಳಲ್ಲಿ ಬರಬಹುದು. ಎರಡನೆಯದನ್ನು ಕೇಳಿದ ದೋಣಿಗೆ ಅದು ಬರುವುದೇ ಇಲ್ಲ. ಬ್ಯಾಟರಿ ಬರಿದಾಗುತ್ತದೆ, ವಾರದ ಪಾಲಿನ ನಿಮಿಷಗಳು ಮುಗಿಯುತ್ತವೆ, ರೇಡಿಯೊ ಅಲೆ ಚೆನ್ನಾಗಿ ಸಾಗುವ ಮುಂಜಾನೆ ಸಂಜೆಗಳ ಹೊತ್ತು ಮೀರಿಹೋಗುತ್ತದೆ. ಹೆಚ್ಚು ಕೇಳಿದವನಿಗೆ ಏನೂ ಸಿಗದೆ, ಸಾಕಷ್ಟನ್ನು ಕೇಳಿದವನಿಗೆ ಬೇಕಾದ್ದು ಸಿಗುವ ವ್ಯವಸ್ಥೆ ಇದು. ಚೌಕ ಬೇಡ, ತಾನು ನಿಂತ ಒಂದೇ ಬಿಂದುವಿನ ಗಾಳಿ ಸಾಕು ಎನ್ನುವವರಿಗೆ ಅದನ್ನು ಸಣ್ಣ ಕೋಷ್ಟಕವಾಗಿ ಕಳುಹಿಸುವ ಏರ್ಪಾಡೂ ಇದೆ. ದಿನವೂ ಹೊಸದಾಗಿ ಕೇಳುವ ಬದಲು ಎರಡು ವಾರಗಳ ಮಟ್ಟಿಗೆ ಚಂದಾ ಹಾಕಿದಂತೆ ನಿತ್ಯವೂ ತರಿಸಿಕೊಳ್ಳಬಹುದು.

ಕೇಳುವಾಗಿನ ಎಚ್ಚರ ಇಷ್ಟಕ್ಕೇ ಮುಗಿಯುವುದಿಲ್ಲ. ಅರ್ಜಿಯಲ್ಲಿ ಬೇಡದ ಪರಿಹಾರವನ್ನು ನ್ಯಾಯಾಲಯ ಸಾಮಾನ್ಯವಾಗಿ ಕೊಡುವುದಿಲ್ಲವೆಂಬ ಮಾತು ಇಲ್ಲಿಗೂ ಹೊಂದುತ್ತದೆ. ಯಂತ್ರ ಬರೆದ ಅಕ್ಷರವನ್ನು ನೋಡುತ್ತದೆಯೇ ಹೊರತು ಬರೆದವನ ಮನಸ್ಸನ್ನು ನೋಡುವುದಿಲ್ಲ. ದಕ್ಷಿಣವೆಂಬುದಕ್ಕೆ ಬರೆಯಬೇಕಾದ ‘ಎಸ್’ ಅಕ್ಷರದ ಬದಲು ನಿದ್ದೆಗಣ್ಣಿನಲ್ಲಿ ‘ಎನ್’ ಎಂದು ಒತ್ತಿದರೆ, ಮಿನರ್ವಾದ ದೋಣಿಗೆ ಭೂಮಧ್ಯರೇಖೆಯ ಆಚೆ, ಮಿಡ್‌ವೇ ದ್ವೀಪದ ದಕ್ಷಿಣದ ಕಡಲಿನ ಗಾಳಿ ಬಂದು ತಲುಪುತ್ತದೆ. ಅದೂ ಅಷ್ಟೇ ಅಚ್ಚುಕಟ್ಟಾದ, ಅಷ್ಟೇ ನಂಬಿಕೆ ಹುಟ್ಟಿಸುವ ಅಂಕಿಗಳಲ್ಲಿ. ಮಿನರ್ವಾ ಇರುವುದು ಪಶ್ಚಿಮ ರೇಖಾಂಶ 179ರ ಹತ್ತಿರ, ಓಪುವಾ ಇರುವುದು ಪೂರ್ವ ರೇಖಾಂಶ 174ರ ಹತ್ತಿರ. ದಾರಿಯಲ್ಲಿ 180ನೆಯ ರೇಖೆಯನ್ನು ದಾಟುವಾಗ ಪೂರ್ವ ಪಶ್ಚಿಮಗಳ ಅಕ್ಷರವೂ ಬದಲಾಗಬೇಕು. ಹೊತ್ತಿನ ಲೆಕ್ಕವೂ ಹಾಗೆಯೇ. ಮುನ್ಸೂಚನೆಯ ತಾಸುಗಳೆಲ್ಲ ಗ್ರೀನಿಚ್ ಹೊತ್ತಿನಲ್ಲಿವೆ. ಅಲ್ಲಿ ನಡುರಾತ್ರಿ 12 ಆದಾಗ ಭಾರತದಲ್ಲಿ ಬೆಳಿಗ್ಗೆ 5.30, ಟೊಂಗಾದಲ್ಲಿ ಮಧ್ಯಾಹ್ನ 1 ಗಂಟೆ. ನಡುರಾತ್ರಿಯ ಸ್ಥಿತಿಯಿಂದ ಆರಂಭಿಸಿದ ಲೆಕ್ಕ ಮುಗಿದು ಕೈಗೆ ಸಿಗಲು ನಾಲ್ಕೈದು ತಾಸು ಬೇಕಾದ್ದರಿಂದ, ಮಿನರ್ವಾದ ದೋಣಿಗೆ ಅದು ಬರುವುದು ಸಂಜೆಯ ಹೊತ್ತಿಗೆ. ಇದನ್ನು ಅರಿಯದವನು ನಾಳೆಯ ಗಾಳಿಯನ್ನು ಇಂದಿನದೆಂದು ಓದಿಬಿಡಬಹುದು.

ಬಂದ ಉತ್ತರವನ್ನು ಓದುವುದು ಇನ್ನೊಂದು ವಿದ್ಯೆ. ಪರದೆಯ ಮೇಲೆ ಗಾಳಿ ಬಾಲವಿರುವ ಬಾಣಗಳಾಗಿ ಮೂಡುತ್ತದೆ. ಬಾಲದ ಅರ್ಧ ಗರಿಗೆ 5 ನಾಟ್, ಪೂರ್ತಿ ಗರಿಗೆ 10 ನಾಟ್ ವೇಗ. ಆದರೆ ಅದು ಸರಾಸರಿ ಗಾಳಿ. ಬೀಸುಗಾಳಿಯ ರಭಸ ಅದಕ್ಕಿಂತ ನೂರಕ್ಕೆ 40ರಷ್ಟು ಹೆಚ್ಚಿರಬಹುದು, ಒಂದೊಂದು ಅಲೆಯ ಎತ್ತರ ಹೇಳಿದ್ದಕ್ಕಿಂತ ಇಮ್ಮಡಿಯಾಗಬಹುದು ಎಂದು ಆಸ್ಟ್ರೇಲಿಯಾದ ಹವಾಮಾನ ಇಲಾಖೆ ತನ್ನ ಸಮುದ್ರ ಮುನ್ಸೂಚನೆಗಳಲ್ಲಿ ನಾವಿಕರನ್ನು ಎಚ್ಚರಿಸುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 20 ನಾಟ್ ಎಂದು ಓದಿದ್ದು 28 ಆದಾಗ ಹಾಯಿಯ ಮೇಲಿನ ಬಲ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅಲೆಯ ಎತ್ತರ ಎಂದು ಕೊಡುವ ಅಂಕಿಯೂ ಅತಿ ಎತ್ತರದ ಮೂರನೆಯ ಒಂದು ಪಾಲು ಅಲೆಗಳ ಸರಾಸರಿಯೇ. ಎರಡು ಡಿಗ್ರಿಯ ಅಂತರವೆಂದರೆ 120 ನಾಟಿಕಲ್ ಮೈಲಿ. ಎರಡು ಬಿಂದುಗಳ ನಡುವೆ ಒಂದು ಕಾರ್ಮೋಡದ ಬಿರುಮಳೆ ಹುಟ್ಟಿ ಮುಗಿದರೂ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗ್ರಿಬ್ ಕಡತವನ್ನು ಯಾವ ಮನುಷ್ಯನೂ ಪರಿಶೀಲಿಸಿ ಸಹಿ ಹಾಕಿರುವುದಿಲ್ಲ. ಆದ್ದರಿಂದಲೇ ಅನುಭವಿಗಳು ನ್ಯೂಝಿಲೆಂಡಿನ ಹವಾಮಾನ ತಜ್ಞ ಬಾಬ್ ಮೆಕ್‌ಡೇವಿಟ್ ವಾರಕ್ಕೊಮ್ಮೆ ಇಮೇಲಿನಲ್ಲಿ ಕಳುಹಿಸುವ ‘ವೆದರ್‌ಗ್ರಾಮ್’ನಂತಹ ಮಾತಿನ ವಿವರಣೆಗಳನ್ನೂ ಜೊತೆಗಿಟ್ಟು ಓದುತ್ತಾರೆ, ದೋಣಿಯ ಗೋಡೆಯ ಮೇಲಿನ ವಾಯುಭಾರಮಾಪಕವನ್ನು ತಾಸಿಗೊಮ್ಮೆ ನೋಡಿ ಬರೆದಿಡುತ್ತಾರೆ.

ಮಿನರ್ವಾದ ಬೆಳಗುಗಳು ಹೀಗೆ ಹೋಲಿಕೆಯಲ್ಲಿ ಕಳೆಯುತ್ತವೆ. ಬರುವ ಶನಿವಾರದ ಬಗ್ಗೆ ನಿನ್ನೆಯ ಕಡತ ಏನು ಹೇಳಿತ್ತು, ಇಂದಿನದು ಏನು ಹೇಳುತ್ತದೆ? ಎರಡೂ ಒಂದೇ ಮಾತನ್ನು ಹೇಳಿದರೆ ಧೈರ್ಯ ಬರುತ್ತದೆ. ದಿನದಿನಕ್ಕೂ ಮಾತು ಬದಲಾದರೆ ಲಂಗರು ಎತ್ತದಿರುವುದೇ ಕ್ಷೇಮ. ಮೂರು ದಿನಗಳವರೆಗಿನ ಲೆಕ್ಕವನ್ನು ನಂಬಿ ನಡೆಯಬಹುದು, ಐದನೆಯ ದಿನದ್ದನ್ನು ಸಂದೇಹದಿಂದ ನೋಡಬೇಕು, ಏಳನೆಯ ದಿನದ್ದು ಬರಿಯ ಒಲವನ್ನಷ್ಟೇ ತೋರಿಸುತ್ತದೆ. ಆದರೆ ಪಯಣವೇ ಏಳು ದಿನಗಳದ್ದು. ಪಯಣದ ಅತ್ಯಂತ ಕಠಿಣ ಭಾಗ ನ್ಯೂಝಿಲೆಂಡಿನ ಹತ್ತಿರದ ಕೊನೆಯ ಎರಡು ದಿನಗಳು. ಹೊರಡುವ ಬೆಳಗ್ಗೆ ಅತ್ಯಂತ ಮಸುಕಾಗಿ ಕಾಣುವುದೂ ಅವೇ ಎರಡು ದಿನಗಳು. ಒಂದೇ ಕೊಳದಲ್ಲಿ ನಿಂತು, ಒಂದೇ ಅಂಕಿಗಳನ್ನು ಓದಿ, ಒಂದು ದೋಣಿ ಹೊರಡುತ್ತದೆ, ಪಕ್ಕದ್ದು ಉಳಿಯುತ್ತದೆ. ವೇಗದ ದೋಣಿಗೆ ಸಾಲುವ ಬಿಡುವು ನಿಧಾನದ ದೋಣಿಗೆ ಸಾಲುವುದಿಲ್ಲ. ಗಟ್ಟಿಮುಟ್ಟಾದ ನಾಲ್ವರಿರುವ ದೋಣಿ ತಾಳುವ ಗಾಳಿಯನ್ನು, ಚಿಕ್ಕ ಮಕ್ಕಳೊಂದಿಗೆ ಇಬ್ಬರೇ ಹಿರಿಯರಿರುವ ದೋಣಿ ತಾಳಲಾರದು. ಅಂಕಿ ಯಂತ್ರದ್ದು, ತೀರ್ಮಾನ ಮಾತ್ರ ದೋಣಿಯವರದು. ಇತ್ತೀಚೆಗೆ ಹೊಸ ಉಪಗ್ರಹಗಳ ಅಂತರ್ಜಾಲ ಹಲವು ದೋಣಿಗಳಿಗೆ ಬಂದಿದೆ. ಅವರಿಗೆ ಅಂಕಿಗಳ ಕೊರತೆಯಿಲ್ಲ. ಆದರೂ ತೀರ್ಮಾನದ ಭಾರ ಅದರಿಂದ ಕಡಿಮೆಯಾಗಿಲ್ಲ.

ಕಾಯುವವರ ಕಿವಿಗೆ ರಾತ್ರಿಯಿಡೀ ಬೀಳುವುದು ದಿಬ್ಬಕ್ಕೆ ಬಡಿಯುವ ಅಲೆಗಳ ಸದ್ದು. ಇಳಿತದಲ್ಲಿ ಕೊಳ ಶಾಂತವಾಗಿರುತ್ತದೆ. ಉಬ್ಬರದಲ್ಲಿ ಹೊರಗಿನ ಅಲೆ ದಿಬ್ಬವನ್ನು ದಾಟಿ ಒಳಬಂದು ದೋಣಿಗಳನ್ನು ತೂಗುತ್ತದೆ. ಗಾಳಿಯೇ ಇಲ್ಲದ ದಿನವೂ ಅಲ್ಲಿ ದೊಡ್ಡ ಅಲೆಗಳು ಬರುವುದುಂಟು. ಅವು ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ಹುಟ್ಟಿ, ಆ ಬಿರುಗಾಳಿ ಸತ್ತ ಮೇಲೂ ಪಯಣ ಮುಂದುವರಿಸಿ ಬಂದವು. ಗಾಳಿಯ ಜೊತೆಗೆ ಅಲೆಯನ್ನೂ ಪ್ರತ್ಯೇಕವಾಗಿ ಕೇಳಬೇಕಾದ ಕಾರಣ ಇದೇ.

ಈ ದೂರದ ಅಲೆಯ ಪರಿಚಯ ಕೇರಳದ ಕರಾವಳಿಗೂ ಚೆನ್ನಾಗಿಯೇ ಇದೆ. ಆಕಾಶ ತಿಳಿಯಾಗಿದ್ದು, ಗಾಳಿಯೂ ಇಲ್ಲದ ದಿನ ಕಡಲು ಒಮ್ಮೆಲೇ ಉಕ್ಕಿ ತೀರದ ಮನೆಗಳಿಗೆ ನುಗ್ಗುವುದನ್ನು ಮಲಯಾಳದ ಮೀನುಗಾರರು ‘ಕಳ್ಳಕ್ಕಡಲ್’ ಎಂದು ಕರೆಯುತ್ತಾರೆ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು ಎಂದರ್ಥ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ, 30 ಡಿಗ್ರಿ ಅಕ್ಷಾಂಶಕ್ಕೂ ಕೆಳಗೆ, ಎದ್ದ ಬಿರುಗಾಳಿಯ ಅಲೆಗಳು ನಾಲ್ಕೈದು ದಿನ ಉತ್ತರಕ್ಕೆ ಸಾಗಿ ಇಲ್ಲಿಯ ದಡ ಮುಟ್ಟುತ್ತವೆ. ಮೀನುಗಾರರ ಬಾಯಿಮಾತಿನ ಈ ಹೆಸರನ್ನು ಯುನೆಸ್ಕೊ 2012ರಲ್ಲಿ ವಿಜ್ಞಾನದ ಬಳಕೆಗೆ ಅಧಿಕೃತವಾಗಿ ಒಪ್ಪಿಕೊಂಡಿತು. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಈಗ ಕಳ್ಳಕ್ಕಡಲಿನ ಮುನ್ನೆಚ್ಚರಿಕೆಯನ್ನು ಆ ಹೆಸರಿನಲ್ಲಿಯೇ ಹೊರಡಿಸುತ್ತದೆ. ಮಿನರ್ವಾದ ದೋಣಿಗೆ ಬರುವ ಅಂಕಿಗಳ ಹಿಂದೆ ಇರುವ ಬಗೆಯ ಗಣಿತವೇ ಈ ಎಚ್ಚರಿಕೆಯ ಹಿಂದೆಯೂ ಇದೆ.

ಆದರೆ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಮಿನರ್ವಾದ ನಾವಿಕ ತನಗೆ ಬೇಕಾದ್ದನ್ನು ತಾನೇ ಕೇಳುತ್ತಾನೆ. ಅವನ ಬಳಿ ಬೆಲೆಬಾಳುವ ರೇಡಿಯೊ ಇದೆ, ಕೇಳುವ ಭಾಷೆ ಗೊತ್ತಿದೆ, ಹೊರಡದೆ ಕಾಯುವ ಅನುಕೂಲವೂ ಇದೆ. ದಿನದ ದುಡಿಮೆಗಾಗಿ ಕಡಲಿಗಿಳಿಯುವ ನಮ್ಮ ಮೀನುಗಾರನಿಗೆ ಇವು ಮೂರೂ ಸುಲಭವಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಕನ್ಯಾಕುಮಾರಿಯ ಬಳಿ ಬಲಿತಾಗ ದಕ್ಷಿಣ ಕೇರಳ ಮತ್ತು ತಮಿಳುನಾಡಿನ ಎಷ್ಟೋ ದೋಣಿಗಳು ಅದಾಗಲೇ ಹಲವು ದಿನಗಳ ಮೀನುಗಾರಿಕೆಗೆ ದೂರ ಸಾಗಿಬಿಟ್ಟಿದ್ದವು. ದಡದಲ್ಲಿ ಎಚ್ಚರಿಕೆ ಹೊರಟಾಗ ಅದು ಅವರನ್ನು ತಲುಪುವ ದಾರಿ ಇರಲಿಲ್ಲ. ಮೊಬೈಲಿನ ಸಂಕೇತ ದಡದಿಂದ ಕೆಲವೇ ಕಿಲೋಮೀಟರ್‌ಗಳಲ್ಲಿ ಕಡಿದುಹೋಗುತ್ತದೆ. ನೂರಾರು ಮಂದಿ ಮನೆಗೆ ಮರಳಲಿಲ್ಲ. ಆ ಬಳಿಕ, 2019ರಲ್ಲಿ, ಹೈದರಾಬಾದಿನ ಕೇಂದ್ರ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ‘ಜೆಮಿನಿ’ ಎಂಬ ಸಣ್ಣ ಪೆಟ್ಟಿಗೆಯನ್ನು ಹೊರತಂದವು. ಗಗನ್ ಉಪಗ್ರಹದಿಂದ ಬರುವ ಚಂಡಮಾರುತದ ಎಚ್ಚರಿಕೆ, ಅಲೆಯ ಮುನ್ಸೂಚನೆ, ಮೀನು ಸಿಗುವ ತಾಣಗಳ ವಿವರ ಇವೆಲ್ಲವನ್ನೂ ಅದು ಹಿಡಿದು ಮೀನುಗಾರನ ಮೊಬೈಲಿಗೆ ದಾಟಿಸುತ್ತದೆ. ಅದು ಒಮ್ಮುಖದ ದಾರಿಯಾಗಿತ್ತು: ಮಾತು ದೋಣಿಗೆ ಬರುತ್ತದೆ, ದೋಣಿಯಿಂದ ಮರುಮಾತು ಹೋಗುವುದಿಲ್ಲ. ಆದರೂ ಮೌನಕ್ಕಿಂತ ಅದು ಎಷ್ಟೋ ಮೇಲು.

ಮುನ್ಸೂಚನೆಯ ಮಹತ್ವ ಅದನ್ನು ಲೆಕ್ಕ ಹಾಕಿದ ಯಂತ್ರದ ದೊಡ್ಡತನದಿಂದ ಅಳೆಯುವಂಥದ್ದಲ್ಲ. ಅಲೆಯ ಮೇಲೆ ತೂಗುವ ಒಂದು ಸಣ್ಣ ದೋಣಿಗೆ, ಅದು ಹಿಡಿಯುವಷ್ಟು ಅಳತೆಯಲ್ಲಿ, ಅದರಲ್ಲಿರುವವರು ಓದಬಲ್ಲ ಮಾತಿನಲ್ಲಿ, ಲಂಗರು ಎತ್ತುವ ಮೊದಲೇ ತಲುಪಿದರೆ ಮಾತ್ರ ಆ ಲೆಕ್ಕ ಸಾರ್ಥಕ. ಅಕ್ಟೋಬರ್ ತಿಂಗಳ ಒಂದು ಸಂಜೆ ಮಿನರ್ವಾದ ಕೊಳದಿಂದ ಒಂದು ಸಾಲು ಹೊರಟು ಕೆಲವು ನಿಮಿಷಗಳಲ್ಲಿ ಕೆಲವು ನೂರು ಅಂಕಿಗಳಾಗಿ ಮರಳುವಾಗ, ಅಷ್ಟು ದೂರದ ಕಡಲಿಗೂ ಅದು ಸಾಧ್ಯವೆಂಬುದು ತಿಳಿಯುತ್ತದೆ. ಹತ್ತಿರದ ಕಡಲಿಗೆ ಅದನ್ನು ಸಾಧ್ಯವಾಗಿಸುವುದು ದಡದಲ್ಲಿರುವವರ ಕೆಲಸ.